ಅಕ್ಕ ತಾತ್ಕಾಲಿಕವಾಗಿ ಲಭ್ಯವಿಲ್ಲ

ಹೊಳೆ ಸಮುದ್ರವನ್ನು ಸೇರುವ ಆ ಅಳಿವೆಗೆ ಹಕ್ಕಿ ನೋಡಲು ಬಂದವರು, ಉಪ್ಪುನೀರಿನ ಕಾಡಿನೊಳಗೆ ದೋಣಿಯಲ್ಲಿ ಸುತ್ತಲು ಬಂದವರು, ರಜೆಯಲ್ಲಿ ಮಾಡಲು ಬೇರೇನೂ ತೋಚದೆ ಬಂದವರು, ಎಲ್ಲರೂ ಮಧ್ಯಾಹ್ನ ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ. ಈ ಕಡೆಯ ಊಟ ಎಲ್ಲಿ ಸಿಗುತ್ತೆ? ದೋಣಿಯವನನ್ನು ಕೇಳಿದರೂ, ಚಹಾದಂಗಡಿಯಾಕೆಯನ್ನು ಕೇಳಿದರೂ, ಗೇಟಿನ ಬಳಿ ಟಿಕೆಟ್ಟು ಹರಿಯುವ ಕಾವಲುಗಾರನನ್ನು ಕೇಳಿದರೂ ಸಿಗುತ್ತಿದ್ದ ಉತ್ತರವೂ ಒಂದೇ. "ಅಕ್ಕನ ಮನೆಗೆ ಹೋಗಿ."

ಅವಳು ಊರಿಗೆಲ್ಲ ಅಕ್ಕ. ಹಾಗಾಗಿ ಅವಳ ಗಂಡ ಊರಿಗೆಲ್ಲ ಭಾವ. ಅವನಿಗಿಂತ ಹಿರಿಯರಾದ, ಹಲ್ಲುದುರಿದ ಮುದುಕರೂ ಅವನನ್ನು ಭಾವ ಅನ್ನುತ್ತಿದ್ದರು. ಹೆಂಡತಿಯ ಕೈರುಚಿಯಿಂದಾಗಿ ಇಷ್ಟೊಂದು ಜನ ಭಾವಮೈದುನರನ್ನು ಸಂಪಾದಿಸಿದವನು ಆ ಕರಾವಳಿಯಲ್ಲಿ ಇನ್ನೊಬ್ಬನಿರಲಿಲ್ಲ.

ಜಗಲಿಯಲ್ಲಿ ನಾಲ್ಕು ಮೇಜು, ಒಳಗೆ ಅಡುಗೆಮನೆ, ನಡುವೆ ಮಸಿ ಹಿಡಿದ ಒಂದು ಪರದೆ. ಪರದೆಯ ಆಚೆ ನಡೆಯುವುದೆಲ್ಲ ಅಕ್ಕನದು, ಈಚೆ ನಡೆಯುವುದೆಲ್ಲ ಭಾವನದು. ಈಚೆ ನಡೆಯುತ್ತಿದ್ದದ್ದರಲ್ಲಿ ಬಹುಪಾಲು ಮಾತು. ತಟ್ಟೆ ಇಡುತ್ತ, ನೀರು ಬಗ್ಗಿಸುತ್ತ ಭಾವ ಹೇಳುತ್ತಿದ್ದ. "ನಾವು ಇದಕ್ಕೆ ಹುಳಿ ಸ್ವಲ್ಪ ಹಿಡಿದು ಹಾಕ್ತೀವಿ. ಮೆಣಸಿನಕಾಯಿ ಸುಟ್ಟು ಅರೀತೀವಿ. ಏಡಿನ ನಾವು ಜಾಸ್ತಿ ಬೇಯಿಸಲ್ಲ." ಈ 'ನಾವು' ಜೀವಮಾನದಲ್ಲಿ ಒಲೆಯ ಬಾಯಿಗೆ ಒಂದು ಕಡ್ಡಿ ಇಟ್ಟವರಲ್ಲ. ಹಾಗಂತ ಯಾರೂ ಅವನನ್ನು ಸುಳ್ಳುಗಾರ ಅನ್ನಲಿಲ್ಲ. ಮೀನು ಅಷ್ಟು ಚೆನ್ನಾಗಿದ್ದರೆ ಬಡಿಸುವವನ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ.

ಒಂದು ದಿನ ಮಧ್ಯಾಹ್ನ ಜಗಲಿ ತುಂಬ ಜನ. ಭಾವ ಒಳಕ್ಕೆ ತಲೆ ತಿರುಗಿಸಿ, "ಇನ್ನೆರಡು ಸಾರು," ಅಂದ. ಉತ್ತರ ಬರಲಿಲ್ಲ. ಇನ್ನೊಂದು ಸಲ ಅಂದ. ಮೂರನೆಯ ಸಲ ಸ್ವಲ್ಪ ಸಿಟ್ಟಿನಿಂದಲೇ ಅಂದು ಪರದೆ ಸರಿಸಿದ. ಅಕ್ಕ ಒಲೆಯ ಮುಂದೆ ಕೂತ ಹಾಗೇ ಗೋಡೆಗೆ ಒರಗಿಕೊಂಡಿದ್ದಳು. ಸೌಟು ಕೈಯಲ್ಲೇ ಇತ್ತು.

ಪೇಟೆಯಲ್ಲಿ ನೀರೆತ್ತುವ ಪಂಪು ರಿಪೇರಿ ಮಾಡುವ ಅವಳ ತಮ್ಮ ಬಂದ. ಊರೆಲ್ಲ ಸೇರಿತು. ಗಾಳಿಮರದ ತೋಪಿನ ಹಿಂದಿನ ಮರಳುನೆಲದಲ್ಲಿ ಅವಳನ್ನು ಮಣ್ಣು ಮಾಡಿ ಬಂದರು. ತಮ್ಮ ಪೇಟೆಗೆ ವಾಪಸು ಹೋದ. ಭಾವ ಬಾಗಿಲು ಹಾಕಿಕೊಂಡು ಒಳಗೆ ಕೂತ.

ಊರಿನವರಿಗೆ ಯಾರೂ ಏನೂ ಹೇಳುವ ಅಗತ್ಯ ಬೀಳಲಿಲ್ಲ, ಎಲ್ಲರೂ ಹೆಗಲು ಕೊಟ್ಟವರೇ. ಆದ್ದರಿಂದ ಭಾವನಿಗೆ 'ಸತ್ತಳು' ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳುವ ಸಂದರ್ಭವೇ ಬಂದಿರಲಿಲ್ಲ. ಬಂದಾಗ ಬಾಯಿ ಬರಲಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಇದೇ ಮೂಲ.

ಸಂದರ್ಭ ಬಂದದ್ದು ಒಂದು ದೋಣಿಯ ತುಂಬ. ಪ್ರತಿವರ್ಷ ಹಕ್ಕಿ ನೋಡಲು ಬರುವ ಗುಂಪದು. ಅವರ ಮುಂದಾಳು ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಕೊರಳಲ್ಲಿ ಸದಾ ದುರ್ಬೀನು ತೂಗುತ್ತಿದ್ದರಿಂದ ಊರಿನವರು ಆಕೆಗೆ ದುರ್ಬೀನಮ್ಮ ಅಂತ ಹೆಸರಿಟ್ಟಿದ್ದರು. ಆಕೆ ಮುಚ್ಚಿದ ಬಾಗಿಲು ತಟ್ಟಿ ಭಾವನನ್ನು ಹೊರಗೆ ಕರೆದರು.

"ಏನು ಭಾವ, ಒಲೆಯ ಹೊಗೆಯೇ ಕಾಣಿಸ್ತಿಲ್ಲ. ಅಕ್ಕ ಎಲ್ಲಿ?"

"ಅಕ್ಕ ಇಲ್ಲಮ್ಮ," ಅಂದ ಭಾವ.

"ಇಲ್ಲ ಅಂದ್ರೆ?"

"ಹೋಗಿಬಿಟ್ಟಳು."

"ಎಲ್ಲಿಗೆ?"

ಭಾವ ಕೈಯನ್ನು ಮೇಲಕ್ಕೆ ತೋರಿಸಿದ. ಆ ಕೈಯ ನೇರಕ್ಕೆ ಆಕಾಶ ಇದ್ದದ್ದೂ ನಿಜ, ಅದಕ್ಕೂ ಮೊದಲು ಬೆಟ್ಟ ಹತ್ತಿ ಪೇಟೆಗೆ ಹೋಗುವ ಬಸ್ಸಿನ ರಸ್ತೆ ಇದ್ದದ್ದೂ ನಿಜ. ದುರ್ಬೀನಮ್ಮ ರಸ್ತೆಯನ್ನು ನೋಡಿದರು.

"ಯಾವಾಗ ಬರ್ತಾರೆ?"

"ಇನ್ನೆಲ್ಲಿ ಬರ್ತಾಳೆ. ನನ್ನ ಬಿಟ್ಟು ಹೋದಳು."

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುರ್ಬೀನಮ್ಮ ದನಿ ತಗ್ಗಿಸಿದರು. "ಹೋಗುವಾಗ ಒಂದು ಮಾತೂ ಹೇಳಲಿಲ್ವಾ?"

"ಇಲ್ಲಮ್ಮ. ನಾನು ಇಲ್ಲೇ ಬಡಿಸ್ತಾ ಇದ್ದೆ. ಸಾರು ತರೋಣ ಅಂತ ಒಳಗೆ ಹೋದ್ರೆ, ಹೋಗಿಬಿಟ್ಟಿದ್ದಾಳೆ."

"ಮುಂಚೆ ಏನಾದ್ರೂ ಹೇಳ್ತಾ ಇದ್ರಾ?"

"ಹೇಳ್ತಿದ್ದಳು. ಸುಸ್ತು, ಆಗಲ್ಲ, ಸಾಕಾಗಿದೆ ಅಂತ. ನಾನು ತಲೆಗೆ ಹಾಕ್ಕೊಳ್ಳಲಿಲ್ಲ."

"ತಪ್ಪು ನಿಮ್ಮದೇ ಭಾವ."

"ನಂದೇ ಅಮ್ಮ."

"ಅವರಿಗೇನು ಹೋಗೋ ವಯಸ್ಸಾ?"

"ಹೋಗೋ ವಯಸ್ಸಲ್ಲಮ್ಮ," ಅಂದು ಭಾವ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ. ಕಟಕಟೆಯಲ್ಲಿ ನಿಂತ ಯಾವ ಆರೋಪಿಯೂ ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡದ್ದಿಲ್ಲ.

ಬಂದವರು ಹಸಿದಿದ್ದರು. ಹಸಿದವರನ್ನು ಜಗಲಿಯಿಂದ ಹಾಗೇ ಕಳಿಸಿ ಭಾವನಿಗೆ ಅಭ್ಯಾಸವಿರಲಿಲ್ಲ. ಆವತ್ತು ಮೊದಲ ಬಾರಿಗೆ ಅವನು ಒಲೆ ಹಚ್ಚಿದ. ಆ ಸಾರಿನ ಬಗ್ಗೆ ಹೆಚ್ಚು ಹೇಳದಿರುವುದೇ ಸಭ್ಯತೆ. ಉಪ್ಪು ಅಳಿವೆಯಿಂದ ನೇರವಾಗಿ ಹರಿದು ಬಂದಂತಿತ್ತು, ಮೀನು ಯಾವುದು ಮುಳ್ಳು ಯಾವುದು ಎಂಬ ವ್ಯತ್ಯಾಸ ಅಳಿಸಿಹೋಗಿತ್ತು. ತಲೆ ತಗ್ಗಿಸಿಕೊಂಡು, ಮಾತಿಲ್ಲದೆ ಅವರೆಲ್ಲ ಉಂಡರು. ಎಷ್ಟು ದುಃಖ ಪಡುತ್ತಿದ್ದಾರೆ ಪಾಪ, ಅಂದುಕೊಂಡ ಭಾವ. ಆಕೆ ಯಾಕೆ ಬಿಟ್ಟುಹೋದಳು ಅಂತ ಈಗ ಗೊತ್ತಾಯ್ತು, ಅಂದುಕೊಂಡರು ಅವರು.

ವಾಪಸು ಹೋಗುವಾಗ ದುರ್ಬೀನಮ್ಮ ದೋಣಿಯವನನ್ನು ಕೇಳಿದರು. "ಅಕ್ಕ ಹೋದ್ರಂತಲ್ಲಪ್ಪ."

"ಹೌದಮ್ಮ, ಹೋದ್ರು," ಅಂದ ದೋಣಿಯವನು. "ಹೇಗೋ ಇಷ್ಟು ದಿನ ತಡ್ಕೊಂಡಿದ್ರು."

"ಈ ಮನುಷ್ಯ ಕುಡಿಯೋದು ಗಿಡಿಯೋದು ಉಂಟಾ?"

ಅಕ್ಕನ ಸಾವಿಗೂ ಭಾವನ ಕುಡಿತಕ್ಕೂ ಏನು ಸಂಬಂಧ ಅಂತ ದೋಣಿಯವನು ಅಳಿವೆಯ ಅರ್ಧ ದೂರ ಯೋಚಿಸಿದ. ಹಿಂದಿನ ಸೀಟಿನಲ್ಲಿ ಕೂತ ಇಬ್ಬರು ಹೆಂಗಸರು 'ತವರು', 'ವಿಚ್ಛೇದನ' ಅಂತ ಪಿಸುಗುಟ್ಟಿದ್ದು ಕೇಳಿಸಿದಾಗ ಅವನಿಗೆ ಹೊಳೆಯಿತು. ಹೊಳೆದ ಕೂಡಲೇ ಅವನು ಬಾಯಿ ತೆರೆದದ್ದು ನಿಜ. ಆದರೆ ಬಾಯಿ ತೆರೆದು ಮುಚ್ಚುವುದರೊಳಗೆ ಇನ್ನೊಂದು ಯೋಚನೆ ಬಂತು. ಈ ಜನ ವರ್ಷವರ್ಷ ಬರುವುದು ಅರ್ಧ ಹಕ್ಕಿಗಾಗಿ, ಅರ್ಧ ಅಕ್ಕನ ಸಾರಿಗಾಗಿ. ಹಕ್ಕಿ ಬೇರೆ ಅಳಿವೆಗಳಲ್ಲೂ ಇದೆ. ಸತ್ತವಳು ತಿರುಗಿ ಬರುವುದಿಲ್ಲ, ಸಿಟ್ಟುಮಾಡಿಕೊಂಡು ಹೋದವಳು ಮುಂದಿನ ವರ್ಷಕ್ಕಾದರೂ ಬಂದಾಳು ಅಂತ ಜನಕ್ಕೆ ಆಸೆ ಇರುತ್ತದೆ. ದೋಣಿಯವನು ಸತ್ಯವಂತ. ಯಾರೂ ಅವನನ್ನು ಅಕ್ಕ ಬದುಕಿದ್ದಾಳಾ ಅಂತ ನೇರವಾಗಿ ಕೇಳಿರಲಿಲ್ಲ, ಅವನೂ ಯಾವ ಸುಳ್ಳನ್ನೂ ಹೇಳಲಿಲ್ಲ. ಮೋಟಾರು ಮಾತ್ರ ಜೋರು ಮಾಡಿದ.

ದುರ್ಬೀನಮ್ಮನ ಗುಂಪು ದೊಡ್ಡದು, ಗುಂಪಿನವರ ಕೈಯಲ್ಲಿದ್ದ ಫೋನುಗಳು ಇನ್ನೂ ದೊಡ್ಡವು. ಮುಂದಿನ ಭಾನುವಾರದಿಂದ ಜಗಲಿಗೆ ಬರತೊಡಗಿದ್ದು ಬೇರೆಯೇ ತರಹದ ಜನ. ಅವರಿಗೆ ಹಕ್ಕಿಯೂ ಬೇಕಿರಲಿಲ್ಲ, ಮೀನೂ ಬೇಕಿರಲಿಲ್ಲ. ಚಿನ್ನದಂಥ ಹೆಂಡತಿಯನ್ನು ಓಡಿಸಿದ ಗಂಡನನ್ನು ನೋಡಬೇಕಿತ್ತು. ಒಬ್ಬರ ಪ್ರಕಾರ ಅವನು ಕುಡುಕ. ಇನ್ನೊಬ್ಬರ ಪ್ರಕಾರ ಕುಡಿತ ಏನಲ್ಲ, ಹೊಳೆಯಾಚೆ ಇನ್ನೊಂದು ಸಂಸಾರ. ಮೂರನೆಯವರು, ಅವನು ಅವಳ ಸಾರಿಗೆ ಹೆಸರಿಡುತ್ತಿದ್ದನಂತೆ ಅಂದರು. ಇದನ್ನು ಕೇಳಿದ ಮೇಲೆ ಕುಡಿತವನ್ನು ಕ್ಷಮಿಸಿದ್ದವರೂ ಅವನನ್ನು ಕ್ಷಮಿಸಲಿಲ್ಲ.

ಕೋಲೂರಿಕೊಂಡು ಬಂದ ಒಬ್ಬ ಹಿರಿಯರು ಭಾವನ ಎದೆಗೆ ಬೆರಳಿಟ್ಟು ಹೇಳಿದರು. "ಹೋಗಿ ಕಾಲು ಹಿಡಿದು ಕರ್ಕೊಂಡು ಬಾರಯ್ಯ."

"ಹಾಗೆ ಆಗೋ ಹಾಗಿದ್ದಿದ್ರೆ ಆವತ್ತೇ ಹಿಡೀತಿದ್ದೆ ಸಾರ್," ಅಂದ ಭಾವ.

"ಬೇರೆ ಕಡೆ ಸುಖವಾಗಿರಲಿ ಬಿಡಿ," ಅಂದಳು ಒಬ್ಬ ಹುಡುಗಿ, ಸ್ವಲ್ಪ ಗಡುಸಾಗಿ.

"ನಿಮ್ಮ ಬಾಯಿ ಹರಕೆಯಿಂದ ಹಾಗೇ ಆಗಲಮ್ಮ," ಅಂದು ಭಾವ ಕೈ ಮುಗಿದ. ಹುಡುಗಿ ಗಲಿಬಿಲಿಗೊಂಡು ಮುಳ್ಳು ನುಂಗಿದಳು. ಅವಳ ಬೆನ್ನು ಗುದ್ದಲು ಮೂವರು ಬೇಕಾದರು.

ಇಡೀ ಲೋಕವೇ ತನ್ನ ದುಃಖವನ್ನು ಕೇಳಲು ಬರುತ್ತಿದೆ ಅಂದುಕೊಂಡಿದ್ದ ಭಾವನಿಗೆ ಜನ ಯಾಕೆ ಇಷ್ಟು ಸಿಡುಕಾಗಿ ಸಮಾಧಾನ ಹೇಳುತ್ತಾರೆ ಎಂಬುದೊಂದೇ ಅರ್ಥವಾಗುತ್ತಿರಲಿಲ್ಲ. ಎದುರು ಮನೆಯ ಚಹಾದಂಗಡಿಯಾಕೆಗೆ ಎಲ್ಲ ಅರ್ಥವಾಗಿತ್ತು. ಹೋಗಿ ಹೇಳಬೇಕು ಅಂತ ಎರಡು ಸಲ ರಸ್ತೆ ದಾಟಲು ಹೊರಟಿದ್ದಳು ಕೂಡ. ಆದರೆ ಭಾವನ ಅಡುಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದವರೆಲ್ಲ ನೇರವಾಗಿ ಅವಳ ಅಂಗಡಿಗೆ ಬಂದು ಬನ್ನು ಕೇಳುತ್ತಿದ್ದರು. ಎರಡು ಸಲವೂ ಗಿರಾಕಿ ಬಂದು ರಸ್ತೆ ದಾಟುವುದು ತಪ್ಪಿತು. ಆಮೇಲೆ ಅವಳಿಗೆ ಪುರುಸೊತ್ತೇ ಆಗಲಿಲ್ಲ.

ಹೀಗಿರುವಾಗ ಸುದ್ದಿ ಅರಣ್ಯ ಇಲಾಖೆಯ ಸಾಹೇಬರಿಗೆ ಮುಟ್ಟಿತು. ಅಳಿವೆಯ ಕಾಡು, ಹಕ್ಕಿ, ಪ್ರವಾಸಿಗರು ಎಲ್ಲ ಸೇರಿ ಅವರ ಅಧೀನ. ಬೇರೆ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದವರು. ಈ ಕಡೆಯ ಊಟ ಅಂತ ಅಕ್ಕನ ಫೋಟೋ ಹಾಕಿ ಅವರ ಇಲಾಖೆ ಗೋಡೆಯಷ್ಟು ದೊಡ್ಡ ಪೋಸ್ಟರು ಅಚ್ಚುಹಾಕಿಸಿತ್ತು. ಅದನ್ನು ನೋಡಲು ದೊಡ್ಡ ಸಾಹೇಬರು ಬರುವವರಿದ್ದರು. ಬಂದವರು ಅದೇ ಕೈಯ ಊಟ ಕೇಳುವವರಿದ್ದರು. ಇಂಥ ಸಮಯದಲ್ಲಿ ಅಕ್ಕ ಗಂಡನನ್ನು ಬಿಟ್ಟುಹೋಗುವುದೆಂದರೆ ಅದು ಅವಳ ಸ್ವಂತ ವಿಷಯವಾಗಿ ಉಳಿಯಲಿಲ್ಲ. ಸಾಹೇಬರು ಜೀಪಿನಲ್ಲಿ ಒಬ್ಬ ಕುಟುಂಬ ಸಲಹೆಗಾರ್ತಿಯನ್ನೂ ಕೂರಿಸಿಕೊಂಡು ಬಂದರು.

ಜಗಲಿಯಲ್ಲಿ ಕೂತು, ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಅವರು ಶುರುಮಾಡಿದರು. "ನಡೆದದ್ದು ನಡೆದುಹೋಯ್ತು. ಈಗ ಅವರೆಲ್ಲಿದ್ದಾರೆ ಅಂತ ನಿಮಗೆ ಗೊತ್ತಾ?"

"ಗೊತ್ತು ಸಾರ್. ಇಲ್ಲೇ, ಗಾಳಿಮರದ ತೋಪಿನ ಹಿಂದೆ."

ಸಾಹೇಬರು ಸಲಹೆಗಾರ್ತಿಯ ಕಡೆ ನೋಡಿದರು. ಸಲಹೆಗಾರ್ತಿಗೆ ಸಮಾಧಾನವಾಯಿತು. ಇಷ್ಟು ಹತ್ತಿರ ಇದ್ದಾರೆ ಅಂದರೆ ಅವರಿಗೂ ಪೂರ್ತಿ ಮನಸ್ಸಿಲ್ಲ ಅಂತಲೇ ಲೆಕ್ಕ. "ನೀವು ಹೋಗಿ ಮಾತಾಡಿಸ್ತೀರಾ?" ಅಂದಳು.

"ದಿನಾ ಸಾಯಂಕಾಲ ಹೋಗ್ತೀನಿ."

"ಅವರೇನಂತಾರೆ?"

"ಏನನ್ನುತ್ತಾಳಮ್ಮ. ನಾನೇ ಏನೋ ಒಂದಿಷ್ಟು ಹೇಳಿ ಬರ್ತೀನಿ."

"ಮುಖ ಕೊಟ್ಟು ಮಾತಾಡದಷ್ಟು ಬೇಜಾರು," ಅಂದಳು ಸಲಹೆಗಾರ್ತಿ ಸಾಹೇಬರಿಗೆ. "ಒಬ್ಬರೇ ಇದ್ದಾರಾ ಅಲ್ಲಿ?"

"ಒಬ್ಬಳೇ ಯಾಕೆ, ಅವರಪ್ಪ ಅಮ್ಮನೂ ಅಲ್ಲೇ. ನಮ್ಮ ಕಡೆಯವರೂ ಬೇಕಾದಷ್ಟು ಜನ ಇದ್ದಾರೆ."

"ತವರಿನವರು ಕಳಿಸ್ತಿಲ್ಲ ಅನ್ನಿ," ಅಂದರು ಸಾಹೇಬರು.

"ಅಲ್ಲಿಗೆ ಹೋದ ಮೇಲೆ ಯಾರನ್ನ ಕಳಿಸಿದ್ದಾರೆ ಸಾರ್."

ಸಾಹೇಬರಿಗೆ ರೋಷ ಬಂತು. ಅವರು ಎದ್ದು ಟೋಪಿ ಹಾಕಿಕೊಂಡರು. "ಅದು ಹೇಗೆ ಕಳಿಸಲ್ಲ ನೋಡ್ತೀನಿ. ನಾನಿದ್ದೀನಿ, ನಡೀರಿ."

ದೊಡ್ಡ ಅಧಿಕಾರಿಯೊಬ್ಬರು ತನ್ನ ಹೆಂಡತಿಯ ಮಣ್ಣಿಗೆ ಮರ್ಯಾದೆ ಕೊಡಲು ನಡೆದೇ ಬರುತ್ತಿದ್ದಾರಲ್ಲ ಅಂತ ಭಾವನ ಕಣ್ಣು ತುಂಬಿತು. ಅವನು ಮುಂದೆ, ಸಾಹೇಬರು ಹಿಂದೆ, ಅವರ ಹಿಂದೆ ಮರಳಿನಲ್ಲಿ ಚಪ್ಪಲಿ ಹೂತುಹೋಗುತ್ತಿದ್ದ ಸಲಹೆಗಾರ್ತಿ, ಕೊನೆಯಲ್ಲಿ ಜೀಪಿನ ಡ್ರೈವರು. ಚಹಾದಂಗಡಿಯಾಕೆ ಈ ಮೆರವಣಿಗೆ ನೋಡಿ ಕೆಟಲಿನ ಬೆಂಕಿ ಆರಿಸಿದಳು. ದೋಣಿಯವನು ಕಟ್ಟಿದ ದೋಣಿಯನ್ನು ಬಿಚ್ಚಿಕೊಂಡು, ಒಬ್ಬ ಪ್ರಯಾಣಿಕನೂ ಇಲ್ಲದೆ, ನಡುನೀರಿಗೆ ಹೋಗಿ ನಿಂತ.

ತೋಪಿನ ಹಿಂದೆ ಮರಳು, ಒಣಗಿದ ಎಲೆಯ ಸೂಜಿಗಳು, ಸಾಲಾಗಿ ದಿಬ್ಬಗಳು. ಅದರಲ್ಲೊಂದು ಹೊಸದು. ಅದರ ಪಕ್ಕದ ತೂತಿನಿಂದ ಒಂದು ಸಣ್ಣ ಏಡಿ ಇಣುಕಿ, ಇಷ್ಟೊಂದು ಬೂಟು ಚಪ್ಪಲಿ ನೋಡಿ ಒಳಗೆ ಹೋಯಿತು.

"ಮನೆ ಎಲ್ಲಿ?" ಅಂದರು ಸಾಹೇಬರು.

"ಇದೇ ಸಾರ್," ಅಂದ ಭಾವ.

ಸಾಹೇಬರು ದಿಬ್ಬವನ್ನು ನೋಡಿದರು. ಭಾವನನ್ನು ನೋಡಿದರು. ಟೋಪಿ ತೆಗೆದರು. ಸಲಹೆಗಾರ್ತಿ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು. ಇಂಥ ಪ್ರಕರಣದಲ್ಲಿ ಏನು ಸಲಹೆ ಕೊಡಬೇಕು ಅಂತ ಅವಳಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

"ನಮಗೆ ಬೇರೆ ತರ ಹೇಳಿದ್ರು," ಅಂದರು ಸಾಹೇಬರು ಕಡೆಗೆ. "ಅವರು ನಿಮ್ಮನ್ನ ಬಿಟ್ಟು ಎಲ್ಲೋ ಹೋಗಿದ್ದಾರೆ ಅಂತ. ಬದುಕಿದ್ದಾರೆ ಅಂತ. ಹೊರಗೆಲ್ಲ ಹಾಗೇ ಸುದ್ದಿ."

ಭಾವನಿಗೆ ಎಲ್ಲವೂ ಒಂದೊಂದಾಗಿ ಅರ್ಥವಾಯಿತು. ಕೋಲಿನ ಹಿರಿಯರು, ಗಡುಸು ಹುಡುಗಿ, ಸಮಾಧಾನದೊಳಗಿನ ಸಿಡುಕು. ಅವನಿಗೆ ಸಿಟ್ಟು ಬರುತ್ತದೆ ಅಂತ ಡ್ರೈವರು ಒಂದು ಹೆಜ್ಜೆ ಹಿಂದೆ ಸರಿದ. ಭಾವ ಕೇಳಿದ್ದು ಇಷ್ಟೇ. "ಎಲ್ಲಿಗೆ ಹೋಗಿದ್ದಾಳಂತೆ ಸಾರ್?"

ಸಾಹೇಬರು ಕೆಟ್ಟವರಲ್ಲ. ಆದರೆ ಪೋಸ್ಟರು ಅಂಟಿಸಿ ಆಗಿತ್ತು. ಜೀಪಿನತ್ತ ನಡೆಯುತ್ತ ಅವರು ಒಂದು ಉಪಾಯ ಕಂಡುಕೊಂಡರು. ಸತ್ತಿದ್ದಾರೆ ಅಂತಲೂ ಬೇಡ, ಓಡಿಹೋಗಿದ್ದಾರೆ ಅಂತಲೂ ಬೇಡ. ಎರಡಕ್ಕೂ ಅಂಟದ ಭಾಷೆ ಸರ್ಕಾರದ ಬಳಿ ಬೇಕಾದಷ್ಟಿದೆ. ಎರಡು ದಿನ ಬಿಟ್ಟು ಒಬ್ಬ ಪೇಂಟರು ಬಂದು ಜಗಲಿಯ ಕಂಬಕ್ಕೆ ಹಸಿರು ಬೋರ್ಡು ಹೊಡೆದು ಹೋದ. ಬಿಳಿ ಅಕ್ಷರ, ಕೆಳಗೆ ಇಲಾಖೆಯ ಹಕ್ಕಿಯ ಗುರುತು. 'ಅಕ್ಕ ತಾತ್ಕಾಲಿಕವಾಗಿ ಲಭ್ಯವಿಲ್ಲ. ಅನಾನುಕೂಲಕ್ಕೆ ವಿಷಾದಿಸುತ್ತೇವೆ.'

ಭಾವ ಆ ಬೋರ್ಡನ್ನು ತೆಗೆಯಲಿಲ್ಲ. ಬೆಳಿಗ್ಗೆ ಎದ್ದು ಜಗಲಿ ಗುಡಿಸುವಾಗ ಅದರ ಮೇಲಿನ ಧೂಳನ್ನೂ ಒರೆಸುತ್ತಿದ್ದ. ಯಾರಾದರೂ ಬಂದು ಬೈದರೆ ಸುಮ್ಮನೆ ಬೈಸಿಕೊಳ್ಳುತ್ತಿದ್ದ. ಬೈದು ಮುಗಿಸಿದವರಿಗೆ ಇನ್ನೊಂದು ಲೋಟ ನೀರು ಕೊಟ್ಟು, "ನಿಮಗೇನಾದ್ರೂ ಗೊತ್ತಾ, ಎಲ್ಲಿದ್ದಾಳೆ ಅಂತ?" ಅಂತ ಕೇಳುತ್ತಿದ್ದ.

ಬೋರ್ಡಿನ ಫೋಟೋ ಯಾರದೋ ಫೋನಿನಿಂದ ಯಾರದೋ ಫೋನಿಗೆ ಹಾರಿ ಪೇಟೆಯ ಪಂಪಿನ ಅಂಗಡಿಗೂ ತಲುಪಿತು. ಅಕ್ಕನ ತಮ್ಮ ಕೈಯ ಗ್ರೀಸು ಕೂಡ ತೊಳೆಯದೆ ಬಸ್ಸು ಹತ್ತಿ ಬಂದ. ಊರಿಗೆಲ್ಲ ಭಾವನಾದವನಿಗೆ ನಿಜವಾದ ಭಾವಮೈದುನ ಇವನೊಬ್ಬನೇ. ಬಂದವನೇ ಜಗಲಿಯ ಮೇಲೆ ನಿಂತು ಊರಿಗೆ ಕೇಳುವಂತೆ ಕೇಳಿದ.

"ನಮ್ಮಕ್ಕ ಓಡಿಹೋದಳು ಅಂತ ಲೋಕಕ್ಕೆಲ್ಲ ಹೇಳಿದ್ದೀಯಂತೆ."

"ನಾನು ಹೇಳಲಿಲ್ಲಪ್ಪ."

"ಮತ್ತೆ ಯಾರು ಹೇಳಿದ್ರು?"

"ನಾನು ಹೋದಳು ಅಂತ ಅಂದೆ. ಓಡಿ ಅನ್ನೋದು ಅವರೇ ಸೇರಿಸಿದ್ರು."

ಊರಿನ ಇಬ್ಬರು ಗಂಡಸರು ಬಂದು ತಮ್ಮನ ತೋಳು ಹಿಡಿದುಕೊಂಡರು. ಅವನು ಬೋರ್ಡಿನ ಕಡೆ ಗ್ರೀಸಿನ ಬೆರಳು ತೋರಿಸಿದ. "ತಾತ್ಕಾಲಿಕ ಅಂತೆ. ನಾನೇ ಗುಂಡಿಗಿಳಿದು ಮಲಗಿಸಿದ್ದೀನಿ ಅವಳನ್ನ. ಮೊದಲ ಹಿಡಿ ಮಣ್ಣು ನೀನು ಹಾಕಿದ್ದು, ಎರಡನೇದು ನಾನು. ಈಗಲೇ ಅದನ್ನ ಕಿತ್ತುಹಾಕು. ನಿಜ ಏನು ಅಂತ ಬರೆಸು."

ಭಾವ ಒಳಗಿನಿಂದ ಕಬ್ಬಿಣದ ಸಲಾಕಿ ತಂದ. ಮೊಳೆಯ ಕೆಳಗೆ ಅದನ್ನು ತೂರಿಸಿ ನಿಂತ. ಚಹಾದಂಗಡಿಯ ಮುಂದೆ ಊರು ಉಸಿರು ಹಿಡಿದು ನೋಡುತ್ತಿತ್ತು. ಸಲಾಕಿ ಮಿಸುಕಲಿಲ್ಲ. "ಮೊಳೆ ಗಟ್ಟಿ ಹೊಡೆದಿದ್ದಾರೆ," ಅಂದ ಭಾವ. ಪೇಂಟರು ಹೊಡೆದದ್ದು ಬೆರಳಲ್ಲಿ ಕೀಳಬಹುದಾದ ಎರಡು ಮೊಳೆ ಅಂತ ನೋಡಿದವರಿಗೆಲ್ಲ ಗೊತ್ತಿತ್ತು.

ಆ ಹೊತ್ತಿಗೆ ಒಂದು ಕಾರು ಬಂದು ನಿಂತಿತು. ದುರ್ಬೀನಮ್ಮ ಇಳಿದರು. ಅವರ ಮುಖ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದವರ ಹಾಗಿತ್ತು.

"ಸಿಕ್ಕಿದ್ರು," ಅಂದರು ಅವರು.

"ಯಾರು?" ಅಂದ ತಮ್ಮ.

"ಅಕ್ಕ. ಉತ್ತರಕ್ಕೆ ಹೋದ್ರೆ ದೀಪಸ್ತಂಭದ ಬಂಡೆ ಇದೆಯಲ್ಲ, ಅದರಾಚೆ ಒಂದು ಹೊಸ ಊಟದ ಮನೆ. ನಿನ್ನೆ ಅಲ್ಲಿ ಉಂಡೆ. ಒಂದು ತುತ್ತು ಬಾಯಿಗಿಟ್ಟ ಕೂಡಲೇ ಗೊತ್ತಾಯ್ತು. ಅದೇ ಹುಳಿ, ಅದೇ ಸುಟ್ಟ ಮೆಣಸಿನಕಾಯಿ. ಬಡಿಸೋನನ್ನ ಕೇಳಿದೆ, ಅಡುಗೆ ಯಾರದು ಅಂತ. ಅಕ್ಕಂದು ಅಂದ. ಒಳಗಿಂದ ಹೊರಗೆ ಬರಲ್ವಂತೆ, ಯಾರ ಜೊತೆಗೂ ಮಾತಿಲ್ವಂತೆ." ಆಕೆ ಭಾವನ ಕಡೆ ತಿರುಗಿದರು. "ಕಾರು ಹತ್ತಿ. ಇವತ್ತು ಇಬ್ಬರನ್ನೂ ಎದುರು ಬದುರು ಕೂರಿಸಿ ಮಾತಾಡಿಸ್ತೀನಿ."

ತಮ್ಮನನ್ನು ಹಿಡಿದಿದ್ದವರು ಕೈ ಸಡಿಲ ಬಿಟ್ಟರು. "ನೋಡಿ ಅಮ್ಮ, ನಮ್ಮಕ್ಕ..." ಅಂತ ಅವನು ಶುರುಮಾಡಿದ.

"ನೀವು ತಮ್ಮನಾ? ಒಳ್ಳೇದಾಯ್ತು, ನೀವೂ ಹತ್ತಿ. ನಿಮ್ಮಕ್ಕನ ಕೈರುಚಿ ನಾನು ತಪ್ಪೋದುಂಟಾ? ಕಣ್ಣು ಮುಚ್ಚಿ ಹೇಳ್ತೀನಿ, ಅದು ಅವರದೇ ಕೈ."

ತಮ್ಮ ಉತ್ತರದ ಕಡೆಗೆ ಒಮ್ಮೆ ನೋಡಿದ. ಭಾವ ಸಲಾಕಿಯನ್ನು ಗೋಡೆಗೆ ಒರಗಿಸಿದ. ತಮ್ಮನೇ ಮೊದಲು ಹಿಂದಿನ ಬಾಗಿಲು ತೆಗೆದು ಒಳಗೆ ಕೂತು, ಸೀಟಿಗೆ ಹತ್ತದಂತೆ ಗ್ರೀಸಿನ ಕೈಗಳನ್ನು ಮೇಲೆತ್ತಿ ಹಿಡಿದುಕೊಂಡ. ಭಾವ ಪಕ್ಕದಲ್ಲಿ ಕೂತ. ತಾವೇ ಮಣ್ಣಿಗಿಟ್ಟವಳನ್ನು ಕರೆತರಲು ಇಬ್ಬರು ದೊಡ್ಡ ಗಂಡಸರು ಕಾರು ಹತ್ತಿದ್ದನ್ನು ಊರು ಕಣ್ಣಾರೆ ನೋಡಿತು. ಯಾರೂ ನಗಲಿಲ್ಲ. ಚಹಾದಂಗಡಿಯಾಕೆ ತಡೆಯಲೆಂದು ಈ ಸಲ ನಿಜವಾಗಿಯೂ ರಸ್ತೆ ದಾಟಿದಳು, ದಾಟುವಷ್ಟರಲ್ಲಿ ಕಾರು ಹೊರಟಿತ್ತು.

ದಾರಿಯುದ್ದಕ್ಕೂ ದುರ್ಬೀನಮ್ಮ ಸಂಸಾರ ನಡೆಸುವ ಬಗೆಯನ್ನು ಹೇಳಿಕೊಡುತ್ತ ಬಂದರು. ಮೊದಲು ಕ್ಷಮೆ ಕೇಳಬೇಕು. ವಾದ ಮಾಡಬಾರದು. ಅವರು ಬೈದರೆ ಬೈಸಿಕೊಳ್ಳಬೇಕು. ಹಿಂದಿನ ಸೀಟಿನಲ್ಲಿ ಭಾವ ಒಮ್ಮೆ ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಕೂದಲು ಸರಿಮಾಡಿಕೊಂಡ. ಅದನ್ನು ಕಂಡ ತಮ್ಮ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿದ.

ಬಂಡೆಯಾಚೆಯ ಊಟದ ಮನೆಯಲ್ಲೂ ಒಂದು ಜಗಲಿ, ಕೆಲವು ಮೇಜು, ಒಂದು ಪರದೆ. ಇಲ್ಲಿಯ ಪರದೆ ನೀಲಿ. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ದುರ್ಬೀನಮ್ಮ ಜಗಲಿಯ ನಡುವೆ ನಿಂತು, ಶಾಲೆಯ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಕರೆದರು. "ಅಕ್ಕ, ಹೊರಗೆ ಬನ್ನಿ. ನಿಮ್ಮ ಯಜಮಾನರು ಬಂದಿದ್ದಾರೆ, ತಮ್ಮನೂ ಬಂದಿದ್ದಾರೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಯಾರೋ ಎದ್ದ ಸದ್ದಾಯಿತು. ಹೆಜ್ಜೆ ಹತ್ತಿರ ಬಂತು. ಭಾವ ತನಗೆ ಗೊತ್ತಿಲ್ಲದೆ ತಮ್ಮನ ತೋಳು ಹಿಡಿದುಕೊಂಡ, ತಮ್ಮ ಬಿಡಿಸಿಕೊಳ್ಳಲಿಲ್ಲ. ಪರದೆ ಸರಿಯಿತು.

ಕುಳ್ಳಗೆ, ತೆಳ್ಳಗೆ, ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡ ಒಬ್ಬ ಹೆಂಗಸು ಸೌಟು ಹಿಡಿದುಕೊಂಡು ಬಂದು ಮೂವರನ್ನೂ ನೋಡಿದಳು. "ನಮ್ಮ ಯಜಮಾನರು ಹಿಂದುಗಡೆ ಸೌದೆ ಒಡೀತಿದ್ದಾರೆ," ಅಂದಳು. "ನಂಗೆ ತಮ್ಮ ಇಲ್ಲ. ಯಾರು ಬೇಕಿತ್ತು?"

ದುರ್ಬೀನಮ್ಮನ ಮುಖದ ಅಂಕಗಳು ಒಂದೊಂದಾಗಿ ಇಳಿದವು. "ಇವರಲ್ವಾ?" ಅಂದರು ಭಾವನಿಗೆ.

"ಅಲ್ಲ," ಅಂದ ಭಾವ.

"ಹಾಗಾದ್ರೆ ಅವರೆಲ್ಲಿದ್ದಾರೆ?"

ಭಾವ ಮೇಲಕ್ಕೂ ನೋಡಲಿಲ್ಲ, ಕೆಳಕ್ಕೂ ನೋಡಲಿಲ್ಲ. "ಸತ್ತುಹೋದಳು ಅಮ್ಮ," ಅಂದ. "ನೀವು ಆವತ್ತು ಬಂದು ಬಾಗಿಲು ತಟ್ಟಿದ್ರಲ್ಲ, ಅದಕ್ಕೂ ಮುಂಚೆ."

ದುರ್ಬೀನಮ್ಮ ಕೊರಳಿನ ದುರ್ಬೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿ ಕಾರಿನಲ್ಲಿ ಕೂತರು. ತಮ್ಮ ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತ.

ಕನ್ನಡಕದ ಅಡುಗೆಯಾಕೆಗೆ ಪರಿಚಯವಿಲ್ಲದ ಇಬ್ಬರು ಗಂಡಸರು ತನ್ನ ಜಗಲಿಯಲ್ಲಿ ಹೀಗೆ ನಿಂತರೆ, ಕೂತರೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ತಿಳಿದದ್ದನ್ನು ಮಾಡಿದಳು. ಎರಡು ತಟ್ಟೆಯಲ್ಲಿ ಅನ್ನ, ಮೇಲೆ ಹಬೆಯಾಡುವ ಮೀನಿನ ಸಾರು ಹಾಕಿ ತಂದಿಟ್ಟಳು. ತಮ್ಮ ಕೈ ತೊಳೆದು ಬಂದು ಒಂದು ತುತ್ತು ತಿಂದ, ಇನ್ನೊಂದು ತಿಂದ.

"ಹೇಗಿದೆ?" ಅಂದ ಭಾವ. "ಅವಳ ತರಾನೇ ಇದೆಯಾ?"

"ನಂಗೇನು ಗೊತ್ತು," ಅಂದ ತಮ್ಮ. "ಅವಳು ಮದುವೆಯಾದಾಗ ನಂಗೆ ಹಾಲು ಹಲ್ಲು. ಊಟದ ಮನೆ ಮಾಡಿದ ಮೇಲೆ ನಾನು ಬಂದಾಗೆಲ್ಲ ಅವಳಿಗೆ ಪುರುಸೊತ್ತಿಲ್ಲ, ನಂಗೆ ಬಸ್ಸಿಗೆ ಹೊತ್ತಾಗ್ತಿತ್ತು. ನೀನಲ್ವಾ ಹೇಳಬೇಕಾದವನು."

ಭಾವ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಕೈ ಕಟ್ಟಿ ಕೂತ.

"ತಿನ್ನಿ, ತಣ್ಣಗಾಗುತ್ತೆ," ಅಂದಳು ಅಡುಗೆಯಾಕೆ.

"ಆಗಲಿ ತಾಯಿ. ಅದಕ್ಕೇ ಕಾಯ್ತಾ ಇದ್ದೀನಿ."

"ಯಾಕೆ?"

"ನಮ್ಮ ಮನೇಲಿ ಗಿರಾಕಿಗಳದ್ದೆಲ್ಲ ಆಗಿ, ಪಾತ್ರೆ ತೊಳೆದು, ಜಗಲಿ ಗುಡಿಸಿ ನಾನು ಊಟಕ್ಕೆ ಕೂರ್ತಿದ್ದದ್ದು. ಅಷ್ಟು ಹೊತ್ತಿಗೆ ತಳದಲ್ಲಿ ಒಂದಿಷ್ಟು ಉಳಿದಿರ್ತಿತ್ತು. ಬಿಸಿ ಇದ್ದಾಗ ಅವಳ ಸಾರು ಹೇಗಿರ್ತಿತ್ತು ಅಂತ ಊರಿಗೆಲ್ಲ ಗೊತ್ತು. ನಂಗೆ ಗೊತ್ತಿಲ್ಲ."

ಅಡುಗೆಯಾಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಮೂವರೂ ಸುಮ್ಮನೆ ಒಂದು ತಟ್ಟೆ ಸಾರು ಆರುವುದನ್ನು ನೋಡುತ್ತ ಕೂತರು. ಹಬೆ ನಿಂತಿತು. ಮೇಲೆ ಎಣ್ಣೆಯ ತೆಳು ಪೊರೆ ಕಟ್ಟಿತು. ಆಗ ಭಾವ ಕಲಸಿ ಒಂದು ತುತ್ತು ಬಾಯಿಗಿಟ್ಟ, ಕಣ್ಣು ಮುಚ್ಚಿ ಅಗಿದ.

"ಅಲ್ಲ," ಅಂದ. "ಅವಳದ್ದಲ್ಲ."

"ತಣ್ಣಗಾದ ಮೇಲೆ ಯಾರದ್ದು ತಾನೇ ಅವರದ್ದಾಗಿರುತ್ತೆ," ಅಂತ ಅಡುಗೆಯಾಕೆ ಅಷ್ಟು ಸಿಟ್ಟಿಲ್ಲದೆ ಸಿಟ್ಟಾಗಿ, ಅವನ ಮುಂದಿನ ತಟ್ಟೆಯನ್ನು ಕಿತ್ತುಕೊಂಡು ಹೋದಳು. ಬೇರೆ ತಟ್ಟೆ ತಂದಳು. ಅನ್ನದಿಂದಲೂ ಹಬೆ, ಸಾರಿನಿಂದಲೂ ಹಬೆ. ಅವನ ಮುಂದಿಟ್ಟು, ಎಲ್ಲಿಗೂ ಹೋಗದೆ, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈಗ ತಿನ್ನಿ."

ಭಾವ ತಿಂದ. ಮೊದಲ ತುತ್ತಿಗೆ ನಾಲಿಗೆ ಸುಟ್ಟು ಬಾಯಿ ತೆರೆದು ಉಸಿರಾಡಿದ. ಎರಡನೆಯದಕ್ಕೆ ಊದಿಕೊಂಡ. ಮೂಗು ಸೋರಿತು, ಕಣ್ಣು ಸೋರಿತು. ತಮ್ಮ ನೀರಿನ ಲೋಟವನ್ನು ಅವನ ಕಡೆಗೆ ದೂಡಿದ. ಭಾವ ಅದನ್ನು ಮುಟ್ಟಲಿಲ್ಲ, ತಲೆ ಎತ್ತಲಿಲ್ಲ. ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗೆ ಇಡುತ್ತ, ಬಡಿಸಲು ಯಾರಾದರೂ ಕರೆದು ಊಟದಿಂದ ಎಬ್ಬಿಸುತ್ತಾರೇನೋ ಎಂಬಂತೆ ಒಮ್ಮೊಮ್ಮೆ ಪರದೆಯ ಕಡೆ ನೋಡುತ್ತ ತಿನ್ನತೊಡಗಿದ.

ಹೊರಗೆ ಕಾರಿನ ಹಾರನ್ನು ಸಣ್ಣಗೆ, ಹೆದರಿಕೊಂಡ ಹಾಗೆ ಒಂದು ಸಲ ಕೂಗಿತು.

"ಆ ಅಮ್ಮ ಕಾಯ್ತಾ ಇದ್ದಾರೆ," ಅಂದ ತಮ್ಮ.

"ಕಾಯಲಿ," ಅಂದ ಭಾವ. "ಊಟ ಮಾಡ್ತಾ ಇದ್ದೀನಿ ಅಂತ ಹೇಳು."